ಚಕ್ರವ್ಯೂಹದ ನಡಿಗೆ, ಕಂಪೈಲರಿನ ಒಳಗೆ

ನೀವು ಬರೆದ ಸಿ ಪ್ರೋಗ್ರಾಂ ನಿಮಗೆ ಮೇಲಿನಿಂದ ಕೆಳಕ್ಕೆ ಸಾಗುವ ಸಾಲುಗಳಾಗಿ ಕಾಣುತ್ತದೆ. ಅದನ್ನು ಯಂತ್ರಭಾಷೆಗೆ ತರುವ ಕಂಪೈಲರಿಗೆ ಅದು ದಾರಿಗಳ ಜಾಲ, ಅಂದರೆ ಗ್ರಾಫ್. ಇಫ್ ಬಂದಲ್ಲಿ ದಾರಿ ಕವಲೊಡೆಯುತ್ತದೆ, ಲೂಪ್ ಇದ್ದಲ್ಲಿ ಹಿಂದಕ್ಕೆ ತಿರುಗುತ್ತದೆ. ಕವಲಿಲ್ಲದೆ ಸಾಗುವ ಆದೇಶಗಳ ಒಂದೊಂದು ಗುಂಪೂ ಗ್ರಾಫಿನ ಒಂದೊಂದು ಬಿಂದು.

ಈ ನೋಟಕ್ಕೆ ಗಟ್ಟಿ ತಳಹದಿ ಹಾಕಿದವರು ಫ್ರಾನ್ಸಿಸ್ ಅಲೆನ್ (1932–2020). ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಆಕೆ 1957ರಲ್ಲಿ ಐಬಿಎಂ ಸೇರಿದ್ದು ಓದಿನ ಸಾಲ ತೀರಿಸಲಿಕ್ಕಾಗಿ! ನಿಯಂತ್ರಣದ ಹರಿವನ್ನು ಕುರಿತ ಅವರ ಪ್ರಬಂಧ 1970ರಲ್ಲಿ ಪ್ರಕಟವಾಯಿತು. 2006ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಅವರು ಆ ಗೌರವಕ್ಕೆ ಪಾತ್ರರಾದ ಮೊದಲ ಮಹಿಳೆ.

ಜಾಲದಲ್ಲಿ ದಾರಿ ತಪ್ಪದೆ ಸುತ್ತುವುದು ಹೇಗೆ? ಇದರ ಉತ್ತರ ಗಣಕಕ್ಕಿಂತ ಹಳೆಯದು. ಚಕ್ರವ್ಯೂಹದಿಂದ ಹೊರಬರಲು ಫ್ರಾನ್ಸಿನ ಟ್ರೆಮೊ ಸೂಚಿಸಿದ ಉಪಾಯವನ್ನು ಗಣಿತಜ್ಞ ಲೂಕಾ 1882ರಲ್ಲಿ ಪ್ರಕಟಿಸಿದರು. ಹಾದ ದಾರಿಗೆ ಗುರುತು ಹಾಕುತ್ತ ಮುಂದೆ ಸಾಗಬೇಕು. ಹೊಸ ದಾರಿ ಸಿಗದಿದ್ದರೆ ಬಂದ ಹಾದಿಯಲ್ಲೇ ಹಿಂದಿರುಗಬೇಕು. ಈ 'ಆಳ ಮೊದಲು' ಶೋಧ ಎಷ್ಟು ಶಕ್ತಿಶಾಲಿ ಎಂಬುದನ್ನು 1972ರಲ್ಲಿ ರಾಬರ್ಟ್ ಟಾರ್ಜನ್ ತೋರಿಸಿಕೊಟ್ಟರು.

ಭೇಟಿಯ ಕ್ರಮವೂ ಮುಖ್ಯ. ಕ ಬಿಂದುವಿನಿಂದ ಖ, ಗ ಎಂದು ಕವಲೊಡೆದ ದಾರಿಗಳು ಘದಲ್ಲಿ ಕೂಡುತ್ತವೆ ಎನ್ನೋಣ. ತಲುಪಿದ ಕ್ರಮ: ಕ, ಖ, ಘ, ಗ. ಖದಲ್ಲಿ ಒಂದು ಚರದ ಬೆಲೆ 5 ಆಗಿದೆಯೆಂದು ಘದಲ್ಲೂ 5 ಎಂದೇ ತೀರ್ಮಾನಿಸಿದರೆ, ಇನ್ನೂ ನೋಡದ ಗ ಅದನ್ನು 7 ಮಾಡಿರಬಹುದು. ತೀರ್ಮಾನ ತಿದ್ದದಿದ್ದರೆ ನಿಮ್ಮ ಸರಿಯಾದ ಪ್ರೋಗ್ರಾಂ ತಪ್ಪು ಉತ್ತರ ಕೊಡುತ್ತದೆ! ಈಗ, ಮುಂದಿನದೆಲ್ಲ ಮುಗಿಸಿ ಹಿಂದಿರುಗುವಾಗ ಬಿಂದುವಿನ ಹೆಸರು ಬರೆದುಕೊಳ್ಳಿ: ಘ, ಖ, ಗ, ಕ. ತಿರುಗಿಸಿ ಓದಿ: ಕ, ಗ, ಖ, ಘ. ಎರಡೂ ಕವಲುಗಳು ಮುಗಿದ ಮೇಲೆಯೇ ಘದ ಸರದಿ. ಲೂಪ್ ಇದ್ದರೆ ಒಂದು ಸುತ್ತು ಸಾಲದು, ಬದಲಾವಣೆ ನಿಲ್ಲುವವರೆಗೂ ಸುತ್ತಬೇಕು.

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಕ್ರಮ್ ಅಡ್ವೆ ಮತ್ತು ಕ್ರಿಸ್ ಲ್ಯಾಟ್ನರ್ 2000ದಲ್ಲಿ ಆರಂಭಿಸಿದ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಯಲ್ಲಿ ಈ ನಡಿಗೆ ಗ್ರಾಫಿನಿಂದಲೇ ಬೇರ್ಪಟ್ಟು ಇಟರೇಟರ್ ಎಂಬ ಬಿಡಿಭಾಗವಾಗಿದೆ. ಕೇಳಿದಾಗಲೆಲ್ಲ ಅದು ಮುಂದಿನ ಬಿಂದುವನ್ನು ಕೊಡುತ್ತದೆ. ಆರಂಭ ಎಲ್ಲಿ, ಯಾವ ಬಿಂದುವಿನ ಮುಂದೆ ಯಾವುವು ಎಂದು ತಿಳಿಸಿದರಾಯಿತು. ಯಾವ ಗ್ರಾಫಿನಲ್ಲಾದರೂ ನಡೆಯುತ್ತದೆ. ಟ್ರೆಮೊನ ಗುರುತುಗಳು ಇಲ್ಲಿ ಭೇಟಿಯಾದ ಬಿಂದುಗಳ ಗಣ. ಹಿಂದಿರುಗುವ ಹಾದಿ ಇಟರೇಟರಿನ ಸ್ವಂತ ಸ್ಟ್ಯಾಕ್. ರಿಕರ್ಷನ್ ಬಳಸಿದ್ದರೆ ಬಹು ಆಳದ ಗ್ರಾಫಿನಲ್ಲಿ ಕಂಪೈಲರೇ ಕುಸಿಯುವ ಭಯವಿತ್ತು. ತಿರುಗಿಸಿ ಓದುವ ಕ್ರಮಕ್ಕೆ ಮಾತ್ರ ಈ ಸೌಲಭ್ಯವಿಲ್ಲ. ಕೊನೆಯದು ಮೊದಲು ಬರಬೇಕಾದ್ದರಿಂದ ಇಡೀ ಜಾಲವನ್ನು ಸುತ್ತಿ ಪಟ್ಟಿ ಮಾಡಿಟ್ಟುಕೊಳ್ಳಲೇಬೇಕು. ನಡುವೆ ಯಾವುದೋ ಬಿಂದುವನ್ನು ಅಳಿಸಿದರೆ ಆ ಪಟ್ಟಿಯನ್ನು ನಂಬುವಂತಿಲ್ಲ.