ಹಿತ್ತಲಿನ ದೊಡ್ಡಪತ್ರೆ ಯಾರ ಮನೆಯದು?

ಕನ್ನಡದಲ್ಲಿ ಅಡುಗೆಯ ಬರಹಕ್ಕೆ ಸಾವಿರ ವರ್ಷ. ಚಾವುಂಡರಾಯ ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಗೇ ಒಂದು ಅಧ್ಯಾಯವಿದೆ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ‘ಸೂಪಶಾಸ್ತ್ರ’ವೆಂಬ ಇಡೀ ಗ್ರಂಥವನ್ನೇ ಬರೆದ. ಇಬ್ಬರೂ ಗಂಡಸರು, ಇಬ್ಬರೂ ಆಳುವವರಿಗೆ ಹತ್ತಿರದವರು.

ನಾವು ಹುಡುಕುತ್ತಿರುವುದು ಮಲೆನಾಡಿನ ಹಿತ್ತಲಿನ ಚರಿತ್ರೆ. ಬಚ್ಚಲು ನೀರು ಹರಿಯುವಲ್ಲಿ ಒಂದೆಲಗ, ಬಾವಿಕಟ್ಟೆಯ ಪಕ್ಕ ದೊಡ್ಡಪತ್ರೆ, ಬೇಲಿಯಂಚಿಗೆ ಕರಿಬೇವು. ದೊಡ್ಡಪತ್ರೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ. ಹಸಿಮೆಣಸು ಹಾಕುವವರೂ ಇದ್ದಾರೆ. ಅದು ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ಚಾವುಂಡರಾಯನ ಕಾಲದ ಹಿತ್ತಲಲ್ಲಿ ಇರಲೇ ಇಲ್ಲ!

ದೊಡ್ಡಪತ್ರೆಯನ್ನು ಯಾರೂ ಬೀಜ ಹಾಕಿ ಬೆಳೆಸುವುದಿಲ್ಲ. ಟೊಂಗೆ ಮುರಿದು ಊರಿದರೆ ಸಾಕು, ಬೇರು ಬಿಡುತ್ತದೆ. ಅಂದರೆ ಪ್ರತಿ ಗಿಡವೂ ಇನ್ನೊಂದು ಮನೆಯ ಗಿಡದ ತುಂಡು. ತವರಿನಿಂದ ಗಂಡನ ಮನೆಗೆ, ಅಲ್ಲಿಂದ ನೆರೆಮನೆಗೆ. ಈ ಓಡಾಟ ಗೊತ್ತಿರುವುದು ಅಜ್ಜಿಯಂದಿರಿಗೆ ಮಾತ್ರ. ನಮ್ಮ ಊರುಗಳಲ್ಲಿ ಹಿತ್ತಲಿಗೆ ಸಿಮೆಂಟು ಬೀಳುತ್ತಿದೆ, ಅಜ್ಜಿಯಂದಿರೂ ಕಡಿಮೆಯಾಗುತ್ತಿದ್ದಾರೆ.

ಈ ಸಲ ಊರಿಗೆ ಹೋದಾಗ ಕೇಳಿ: ‘ಅಜ್ಜೀ, ಈ ಗಿಡ ಯಾರ ಮನೆಯಿಂದ ಬಂತು?’ ಹೇಳಿದ್ದನ್ನು ಬರೆದುಕೊಳ್ಳಿ. ಬರುವಾಗ ಒಂದು ಟೊಂಗೆಯನ್ನೂ ತನ್ನಿ.