ಸಿರಾಮಿಕ್ ಟೈಲ್‌ಗಳ ವರ್ಗೀಕರಣ

ಸಿರಾಮಿಕ್ ಟೈಲ್ ಎಂದರೆ ಜೇಡಿಮಣ್ಣು, ಫೆಲ್ಡ್‌ಸ್ಪಾರ್ ಹಾಗೂ ಸಿಲಿಕಾ ಮರಳನ್ನು ನುಣ್ಣಗೆ ಅರೆದು, ಅಚ್ಚಿನಲ್ಲಿ ಒತ್ತಿ, ಒಣಗಿಸಿ, ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಸುಟ್ಟು ತಯಾರಿಸುವ ತೆಳುವಾದ ಬಿಲ್ಲೆ. ಇದನ್ನು ಭಾರತದಲ್ಲಿ ಐಎಸ್ 15622, ಅಂತರರಾಷ್ಟ್ರೀಯವಾಗಿ ಐಎಸ್‌ಒ 13006 ಎಂಬ ಮಾನಕಗಳಡಿ ವರ್ಗೀಕರಿಸಲಾಗುತ್ತದೆ. ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಬಣ್ಣ, ವಿನ್ಯಾಸಗಳಿಗೆ ಈ ವರ್ಗೀಕರಣದಲ್ಲಿ ಸ್ಥಾನವಿಲ್ಲ. ದೇಶದ ಉತ್ಪಾದನೆಯ ಬಹುಪಾಲು ಗುಜರಾತಿನ ಮೋರ್ಬಿಯಲ್ಲಿ ನಡೆಯುತ್ತದೆ.

ಹಿನ್ನೆಲೆ

ಕರ್ನಾಟಕದಲ್ಲಿ ಸುಟ್ಟಮಣ್ಣಿನ ಕೈಗಾರಿಕೆಯ ಹೆಸರು ಮಂಗಳೂರಿನದು; ಬಾಸೆಲ್ ಮಿಷನ್ 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ಯಾದಗಿರಿ, ಶಹಾಪುರ, ಸುರಪುರ ಭಾಗದ ಹಳೆಯ ಮನೆಗಳದು ಬೇರೆಯೇ ರೂಢಿ: ಮೇಲೆ ಮಾಳಿಗೆ, ಕೆಳಗೆ ಶಹಾಬಾದ್ ಕಲ್ಲಿನ ನೆಲ. ಭೀಮಾ ಕಣಿವೆಯ ಸುಣ್ಣಕಲ್ಲಿನ ಪದರಗಳಿಂದ ತೆಗೆಯುವ ಈ ಕಲ್ಲನ್ನು ಜನರು ‘ಪರ್ಸಿ’ ಎನ್ನುತ್ತಾರೆ. ಈಗ ಹೊಸ ಮನೆಗಳಲ್ಲಿ ಅದರ ಜಾಗಕ್ಕೆ ಟೈಲ್ಸ್ ಬಂದಿವೆ.

ನೀರು ಹೀರುವಿಕೆ

ವರ್ಗೀಕರಣದ ಮುಖ್ಯ ಆಧಾರ ಇದೇ. ಒಣಗಿದ ಟೈಲನ್ನು ತೂಗಿ, ಅದರ ರಂಧ್ರಗಳಲ್ಲಿ ನೀರು ತುಂಬುವಂತೆ ಮಾಡಿ ಮತ್ತೆ ತೂಗಿದಾಗ ಹೆಚ್ಚಿದ ತೂಕವನ್ನು ಶೇಕಡಾವಾರು ಹೇಳಲಾಗುತ್ತದೆ. ಶೇ. 3 ಮೀರದಿದ್ದರೆ ಒಂದನೆಯ ಗುಂಪು, ಶೇ. 3ರಿಂದ 10ರವರೆಗೆ ಎರಡನೆಯದು, ಶೇ. 10ಕ್ಕೂ ಹೆಚ್ಚಾದರೆ ಮೂರನೆಯದು. ಮೂರನೆಯ ಗುಂಪಿನವು ಹಗುರ, ಕತ್ತರಿಸಲು ಸುಲಭ, ಸಿಮೆಂಟನ್ನು ಚೆನ್ನಾಗಿ ಹಿಡಿಯುತ್ತವೆ. ಆದರೆ ಬಲ ಕಡಿಮೆಯಾದ್ದರಿಂದ ಗೋಡೆಗೆ ಮಾತ್ರ ಯೋಗ್ಯ. ಅಗ್ಗವೆಂದು ಇವನ್ನೇ ನೆಲಕ್ಕೆ ಹಾಸಿದರೆ ಭಾರವಾದ ಪಾತ್ರೆ ಬಿದ್ದಲ್ಲಿ ಒಡೆಯುತ್ತವೆ.

ವಿಟ್ರಿಫೈಡ್ ಟೈಲ್‌ಗಳು ಹೀರುವ ನೀರು ಶೇ. 0.5ನ್ನು ಮೀರುವುದಿಲ್ಲ. ರಂಧ್ರಗಳೇ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಬರೀ ಸಿಮೆಂಟ್ ಗಾರೆಗೆ ಇವು ಸರಿಯಾಗಿ ಅಂಟವು. ಪಾಲಿಮರ್ ಬೆರೆಸಿದ ಅಂಟು ಬೇಕಾಗುತ್ತದೆ. ತಟ್ಟಿದಾಗ ಟೊಳ್ಳು ಸದ್ದು ಬರುವ ನೆಲಗಳಲ್ಲಿ ತಪ್ಪು ಅನೇಕ ಸಲ ಟೈಲಿನದಲ್ಲ, ಹಾಸಿದ ಕ್ರಮದ್ದು.

ಸವೆತ ಮತ್ತು ಜಾರಿಕೆ

ಮೆರುಗು ಲೇಪಿಸಿದ ಟೈಲ್‌ಗಳ ಸವೆತ ನಿರೋಧವನ್ನು ಪಿಇಐ 0ಯಿಂದ 5ರವರೆಗಿನ ದರ್ಜೆಗಳಲ್ಲಿ ಸೂಚಿಸುತ್ತಾರೆ. 0 ದರ್ಜೆಯದನ್ನು ನೆಲಕ್ಕೆ ಬಳಸುವಂತಿಲ್ಲ. ಮನೆಯ ನಡುಮನೆಗೆ 3 ಸಾಕು. ಅಂಗಡಿ, ಕಚೇರಿಗಳಿಗೆ 4 ಅಥವಾ 5 ಬೇಕು. ಯಾದಗಿರಿ ಮತ್ತು ಸುರಪುರದ ಗುಡ್ಡಗಳು ಗ್ರಾನೈಟ್ ಜಾತಿಯ ಬಂಡೆಗಳವು. ಅವು ಸವೆದು ಉಂಟಾಗುವ ಮರಳಿನಲ್ಲಿರುವ ಕ್ವಾರ್ಟ್ಜ್ ಎಷ್ಟೋ ಮೆರುಗುಗಳಿಗಿಂತ ಗಡುಸು. ಚಪ್ಪಲಿಗೆ ಅಂಟಿ ಒಳಬರುವ ಈ ಮರಳು ಹೊಸ್ತಿಲ ಬಳಿಯ ಹೊಳಪನ್ನು ಮೊದಲು ತಿನ್ನುತ್ತದೆ. ಆದ್ದರಿಂದ ಪಡಸಾಲೆಗೆ ಒಳಕೋಣೆಗಿಂತ ಮೇಲಿನ ದರ್ಜೆಯದು ಒಳ್ಳೆಯದು.

ಜಾರಿಕೆಯ ಅಳತೆ ಇದರಿಂದ ಪ್ರತ್ಯೇಕ. ಎಣ್ಣೆ ಸವರಿದ ಇಳಿಜಾರಿನ ಮೇಲೆ ಮನುಷ್ಯನನ್ನು ನಡೆಸಿ, ಆರ್9ರಿಂದ ಆರ್13ರವರೆಗೆ ದರ್ಜೆ ನೀಡುವುದು ಜರ್ಮನ್ ಪದ್ಧತಿ. ಸಂಖ್ಯೆ ಏರಿದಂತೆ ಹಿಡಿತ ಹೆಚ್ಚು. ಹೊಳೆಯುವ ವಿಟ್ರಿಫೈಡ್ ಟೈಲನ್ನು ಬಚ್ಚಲಿಗೆ ಹಾಸುವುದು ಅಪಾಯಕರ; ನೆಲ ಒದ್ದೆಯಾದಾಗ ವೃದ್ಧರು ಜಾರಿ ಸೊಂಟದ ಮೂಳೆ ಮುರಿದುಕೊಳ್ಳುವ ಸಂಭವವಿದೆ. ಅಲ್ಲಿಗೆ ತರಿಯಾದ, ಹೊಳಪಿಲ್ಲದ ಟೈಲೇ ಸರಿ.

ಮಣ್ಣು, ಬಿಸಿಲು ಮತ್ತು ನೀರು

ಶಹಾಪುರ, ಸುರಪುರ ತಾಲ್ಲೂಕುಗಳ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ತಳವನ್ನು ಗಟ್ಟಿಗೊಳಿಸದೆ ಹಾಸಿದ ಯಾವ ಗುಂಪಿನ ಟೈಲೂ ಇಂಥ ನೆಲದ ಮೇಲೆ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವುದರಿಂದ ಟೈಲ್‌ಗಳ ನಡುವೆ ಎರಡು-ಮೂರು ಮಿಲಿಮೀಟರ್ ಸಂದು ಬಿಡಬೇಕು. ಇಲ್ಲವಾದರೆ ಹಿಗ್ಗಿದ ಟೈಲ್‌ಗಳು ಒಂದನ್ನೊಂದು ತಳ್ಳಿ ಮೇಲೇಳುತ್ತವೆ. ತಾರಸಿಗೆ ಬಿಳಿಯ ಟೈಲ್ ಹಾಸಿದರೆ ಬಿಸಿಲು ಪ್ರತಿಫಲಿಸಿ ಕೋಣೆಯ ಸೆಕೆ ಸ್ವಲ್ಪ ತಗ್ಗುತ್ತದೆ.

ಕೊಳವೆಬಾವಿಯ ಗಡಸು ನೀರು ಬಿಳಿಯ ಕಲೆ ಉಳಿಸುತ್ತದೆ. ಅದನ್ನು ತೆಗೆಯಲು ಬಳಸುವ ಆಸಿಡ್ ಸುಣ್ಣಕಲ್ಲಾದ ಪರ್ಸಿಯನ್ನು ಕೊರೆಯುತ್ತದೆ. ಸಿರಾಮಿಕ್ ಟೈಲ್ ಸಾಮಾನ್ಯವಾಗಿ ತಡೆದುಕೊಂಡರೂ ನಡುವಿನ ಸಿಮೆಂಟ್ ಸಂದುಗಳು ಕರಗಿ, ನೀರು ಅಡಿಗೆ ಇಳಿಯುತ್ತದೆ.