ಚೇಂಬರ್ಸ್ ಕಲೆಹಾಕಿದ ಸ್ಕಾಟ್ಲೆಂಡ್

ಜನಪ್ರಿಯ ಇತಿಹಾಸ ಎಂದರೆ ವಿದ್ವಾಂಸರು ಮೂಗು ಮುರಿಯುತ್ತಾರೆ. ತಾವು ಬೆವರು ಸುರಿಸಿ ಹುಡುಕಿದ್ದನ್ನು ಯಾರೋ ನೀರು ಬೆರೆಸಿ ಮಾರುತ್ತಾರೆ ಎಂಬುದು ಅವರ ದೂರು. ಸ್ಕಾಟ್ಲೆಂಡಿನ ರಾಬರ್ಟ್ ಚೇಂಬರ್ಸ್‌ನ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಅವನು ಬರೆದಿದ್ದರಲ್ಲಿ ಎಷ್ಟೋ ಸಂಗತಿಗಳನ್ನು ಅವನಿಗಿಂತ ಮೊದಲು ಯಾರೂ ಹುಡುಕಿರಲೇ ಇಲ್ಲ. 1802ರಲ್ಲಿ ಪೀಬಲ್ಸ್ ಎಂಬ ಊರಿನಲ್ಲಿ ಹುಟ್ಟಿದ ಅವನು, ತಂದೆಯ ಹತ್ತಿ ವ್ಯಾಪಾರ ಮುಳುಗಿದ ಮೇಲೆ ಎಡಿನ್‌ಬರೋಗೆ ಬಂದ. ಹದಿನಾರನೇ ವಯಸ್ಸಿಗೆ, ಮನೆಯಲ್ಲಿದ್ದ ಹಳೆಯ ಪುಸ್ತಕಗಳನ್ನೇ ಬಂಡವಾಳ ಮಾಡಿಕೊಂಡು ಲೀತ್ ವಾಕ್ ರಸ್ತೆಯಲ್ಲಿ ಅಂಗಡಿಯಿಟ್ಟ. ಆ ಹೊತ್ತಿಗೆ ಶ್ರೀಮಂತರು ಹೊಸ ಬಡಾವಣೆಗೆ ಹೋಗಿಯಾಗಿತ್ತು. ಹಳೇ ಪೇಟೆಯ ಎತ್ತರದ ಮನೆಗಳು ಬಡವರ ಪಾಲಾಗಿದ್ದವು. ಯಾವ ಓಣಿಯಲ್ಲಿ ಯಾವ ನ್ಯಾಯಾಧೀಶನಿದ್ದ, ಯಾವ ಪಾನಗೃಹದಲ್ಲಿ ಯಾರು ಕೂಡುತ್ತಿದ್ದರು ಎಂಬುದು ಮುದುಕರ ನೆನಪಿನಲ್ಲಷ್ಟೇ ಉಳಿದಿತ್ತು. ಅದನ್ನೆಲ್ಲ ಕಲೆಹಾಕಿ 1824ರಿಂದ ಅವನು 'ಟ್ರೆಡಿಷನ್ಸ್ ಆಫ್ ಎಡಿನ್‌ಬರೋ' ಕೃತಿಯನ್ನು ಕಂತುಗಳಲ್ಲಿ ಹೊರತಂದ. ಹುಡುಗನಿಗೆ ಇಷ್ಟೆಲ್ಲ ಎಲ್ಲಿ ಸಿಕ್ಕಿತೆಂದು ಕಾದಂಬರಿಕಾರ ವಾಲ್ಟರ್ ಸ್ಕಾಟ್ ಬೆರಗಾದ. ತನ್ನ ಬಳಿಯಿದ್ದ ಟಿಪ್ಪಣಿಗಳನ್ನೂ ಕೊಟ್ಟ.

ಮುದುಕರ ಮಾತನ್ನು ಎಷ್ಟು ನಂಬಬಹುದು? ಈ ಆಕ್ಷೇಪಣೆಯಲ್ಲಿ ಹುರುಳಿದೆ. ಚೇಂಬರ್ಸ್‌ನ ಆರಂಭದ ಬರಹದಲ್ಲಿ ರಂಗೇರಿದ ಕತೆಗಳೂ ಉಂಟು. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಪದಚ್ಯುತ ರಾಜವಂಶವನ್ನು ಮತ್ತೆ ಗದ್ದುಗೆಗೇರಿಸಲು 1745ರಲ್ಲಿ ನಡೆದ ಜಾಕೊಬೈಟ್ ದಂಗೆಯ ಬಗ್ಗೆ 1827ರಲ್ಲಿ ಪುಸ್ತಕ ಬರೆದ ಮೇಲೆ, ಪಾದ್ರಿ ರಾಬರ್ಟ್ ಫೋರ್ಬ್ಸ್‌ನ ಹತ್ತು ಸಂಪುಟಗಳ ಹಸ್ತಪ್ರತಿ ಅವನ ಕೈಸೇರಿತು. ದಂಗೆಯ ಕಾಲದಲ್ಲಿ ಸ್ವತಃ ಸೆರೆಯಲ್ಲಿದ್ದ ಫೋರ್ಬ್ಸ್, ಸೋತವರ ಹೇಳಿಕೆಗಳನ್ನು ವರ್ಷಗಟ್ಟಲೆ ಬರೆದಿಟ್ಟಿದ್ದ. ರಟ್ಟಿನ ಒಳಬದಿಗೆ, ದಂಗೆಯ ನಾಯಕನಾಗಿದ್ದು ಹೆಣ್ಣುವೇಷದಲ್ಲಿ ತಪ್ಪಿಸಿಕೊಂಡ ರಾಜಕುಮಾರನ ಉಡುಪಿನ ತುಂಡನ್ನೂ ಅಂಟಿಸಿದ್ದ. ಚೇಂಬರ್ಸ್ 1834ರಲ್ಲಿ ಅದರ ಆಯ್ದ ಭಾಗಗಳನ್ನು ಪ್ರಕಟಿಸಿದ. ಹೊಸ ಸಾಕ್ಷ್ಯ ಸಿಕ್ಕಿತೆಂದು ತನ್ನ ಪುಸ್ತಕವನ್ನೂ ಪರಿಷ್ಕರಿಸಿದ. ವಿದ್ವತ್ತಿನ ಶಿಸ್ತು ಎನ್ನುವುದು ಇದನ್ನೇ ಅಲ್ಲವೇ?

ಹಳೆಯದರ ಮೋಹವನ್ನು ಮಾರಿದ ಎಂಬ ಇನ್ನೊಂದು ಆರೋಪಕ್ಕೆ 1858ರಿಂದ 1861ರವರೆಗೆ ಬಂದ 'ಡೊಮೆಸ್ಟಿಕ್ ಆನಲ್ಸ್ ಆಫ್ ಸ್ಕಾಟ್ಲೆಂಡ್' ಸಾಕಷ್ಟು ಉತ್ತರ. ಕಡತ, ದಿನಚರಿಗಳನ್ನು ಜಾಲಾಡಿ ಅವನು ಅಲ್ಲಿ ತುಂಬಿದ್ದು ಬರಗಾಲ, ಪ್ಲೇಗು, ಮಾಟಗಾತಿಯರೆಂದು ಸುಡಲ್ಪಟ್ಟ ಹೆಂಗಸರ ಸಂಗತಿಗಳನ್ನು. ಇದರಲ್ಲಿ ಮೋಹಕ್ಕೆ ಎಡೆಯೆಲ್ಲಿ? ಕವಿ ಬರ್ನ್ಸ್‌ನ ವಿಷಯದಲ್ಲೂ ಹಾಗೆಯೇ. ಜೇಮ್ಸ್ ಕರಿ 1800ರಲ್ಲಿ ಬರೆದ ಚರಿತ್ರೆ ಅವನನ್ನು ಕುಡುಕನೆಂದು ಬಿಂಬಿಸಿತ್ತು. ಚೇಂಬರ್ಸ್, ಕವಿಯ ಇನ್ನೂ ಬದುಕಿದ್ದ ತಂಗಿ ಇಸಬೆಲ್ಲಾಳನ್ನು ಕೇಳಿ ತಿಳಿದ. ಕವಿತೆ, ಪತ್ರಗಳನ್ನು ಕಾಲಾನುಕ್ರಮದಲ್ಲಿ ಬದುಕಿನ ಕಥನದೊಳಗೆ ಜೋಡಿಸಿ ಪುಸ್ತಕವೊಂದನ್ನು ಹೊರತಂದ. 1896ರಲ್ಲಿ ವಿಲಿಯಂ ವಾಲೇಸ್ ಬರ್ನ್ಸ್‌ನ ಬದುಕು, ಬರಹಗಳ ಹೊಸ ಆವೃತ್ತಿ ಸಿದ್ಧಪಡಿಸಿದಾಗ ತಳಹದಿಯಾಗಿ ಇಟ್ಟುಕೊಂಡದ್ದು ಈ ಪುಸ್ತಕವನ್ನೇ.